ಬೋಣಿಗೆ ಹೆಸರು ಹಾಕಿಸಿದ್ದು

ನಮ್ಮ ಆಫೀಸಿಗೆ ಬೋರ್ಡು ಇರಲಿಲ್ಲ. ಕೆಳಗೆ ಸ್ಟವ್ ರಿಪೇರಿ ಅಂಗಡಿ, ಪಕ್ಕದಲ್ಲಿ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು, ಮೇಲೆ ಎರಡು ಕೋಣೆ. ತುಮಕೂರಿನಲ್ಲಿ ಯಾರಾದರೂ ವಿಳಾಸ ಕೇಳಿದರೆ "ಸ್ಟವ್ ರಿಪೇರಿಯವರ ಮೇಲೆ" ಅನ್ನುತ್ತಿದ್ದೆವು. ಅಲ್ಲಿ ಕೂತು ನಾವು ಹಳ್ಳಿಯ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು ಎಂದರೆ ಗುಬ್ಬಿಯ ನಮ್ಮತ್ತೆ ಇವತ್ತಿಗೂ ನಂಬುವುದಿಲ್ಲ. "ಹಾಲ್ಗೆ ಎಂಥ ಕಂಪ್ಯೂಟ್ರೇ? ಕಾಯ್ಸು, ಕುಡಿ" ಎನ್ನುತ್ತಾರೆ.

ನಾವು ಎಂದರೆ ಸಾರ್ ಮತ್ತು ನಾನು. ಸಾರ್ ಆಫೀಸಿನ ಯಜಮಾನರು, ಸಾಫ್ಟ್‌ವೇರನ್ನು ಮೊದಲು ಬರೆದವರೂ ಅವರೇ. ನಾನು ಗುಬ್ಬಿಯಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ ಏಕೈಕ ನೌಕರಳು. ಸ್ಟವ್ ಅಂಗಡಿಯ ಸೀಮೆಎಣ್ಣೆ ವಾಸನೆ ಸಾಯಂಕಾಲದ ರೈಲಿನವರೆಗೂ ಸೀರೆಗೆ ಅಂಟಿಕೊಂಡಿರುತ್ತಿತ್ತು. ಆಗ ಬೈದುಕೊಳ್ಳುತ್ತಿದ್ದೆ. ಈಗ ಎಲ್ಲಾದರೂ ಆ ವಾಸನೆ ಬಂದರೆ ನಿಂತು ಬಿಡುತ್ತೇನೆ.

ಡೈರಿಯಲ್ಲಿ ನಡೆಯುವುದು ಇಷ್ಟು. ಹಾಲು ಹಾಕುವವರು ಸಾಲಿನಲ್ಲಿ ಬರುತ್ತಾರೆ. ಹಾಲನ್ನು ತೂಗುತ್ತಾರೆ. ಅದರಲ್ಲಿ ಸ್ವಲ್ಪ ತೆಗೆದು ಪರೀಕ್ಷೆಯ ಯಂತ್ರದ ಪೈಪಿಗೆ ಹಿಡಿಯುತ್ತಾರೆ. ಯಂತ್ರ ಹಾಲನ್ನು ಎಳೆದುಕೊಂಡು ಫ್ಯಾಟ್ ಎಷ್ಟು, ನೀರು ಬೆರೆತಿದೆಯೇ ಎಂದು ಹೇಳುತ್ತದೆ. ಆಮೇಲೆ ಚೀಟಿ ಬರುತ್ತದೆ. ಕೆಲಸ ಸರಳ, ಆದರೆ ಒಂದೊಂದು ಊರಿನಲ್ಲಿ ಒಂದೊಂದು ಕಂಪನಿಯ ಯಂತ್ರ. ನಿಟ್ಟೂರಿನ ತಕ್ಕಡಿಯ ಭಾಷೆ ಹೆಬ್ಬೂರಿನ ತಕ್ಕಡಿಗೆ ಬಾರದು. ಹಾಗಾಗಿ ಪ್ರತಿಯೊಂದು ಯಂತ್ರಕ್ಕೂ ಒಂದೊಂದು ಬಿಡಿ ಪ್ರೋಗ್ರಾಂ ಬರೆಯುತ್ತಿದ್ದೆವು. ಕಾಂಪೊನೆಂಟ್ ಅಂತ ಅದರ ಹೆಸರು, ನಾವು ತುಣುಕು ಎನ್ನುತ್ತಿದ್ದೆವು. ಎಲ್ಲ ತುಣುಕುಗಳನ್ನೂ ಕರೆದು ಕೆಲಸಕ್ಕೆ ಹಚ್ಚಲು ಒಂದು ಮುಖ್ಯ ಪ್ರೋಗ್ರಾಂ. ಅದರೊಳಗೆ "ಇದಿದ್ದರೆ ಇದನ್ನು ಕರೆ, ಅದಿದ್ದರೆ ಅದನ್ನು ಕರೆ" ಎಂದು ಹನುಮಂತನ ಬಾಲದಂಥ ಸಾಲು. ಯಾವುದೋ ಊರಿಗೆ ಹೊಸ ತಕ್ಕಡಿ ಬಂದರೆ ಆ ಬಾಲಕ್ಕೆ ಒಂದು ಸಾಲು ಸೇರಿಸಿ, ಇಡೀ ಪ್ರೋಗ್ರಾಂ ಮತ್ತೆ ಕಟ್ಟಿ, ಪೆನ್ ಡ್ರೈವ್ ಹಿಡಿದು ಬಸ್ಸಿನಲ್ಲಿ ಊರೂರು ಅಲೆಯಬೇಕು. ಒಂದು ಸಾಲು ತಪ್ಪಿದರೆ ಸಂಬಂಧವೇ ಇಲ್ಲದ ಊರಿನಲ್ಲಿ ಚೀಟಿ ನಿಂತು ಹೋಗುತ್ತಿತ್ತು.

ಆ ವರ್ಷ ಡೈರಿಗಳು ಹೊಸದೊಂದು ಕೇಳಿದವು. ಯಂತ್ರ ಬಾಯಿ ಬಿಟ್ಟು ಮಾತಾಡಬೇಕು. ಓದು ಬಾರದವರಿಗೂ ತಮ್ಮ ಹಾಲಿನ ಲೆಕ್ಕ ಕೇಳಿಸಬೇಕು. ಒಳ್ಳೆಯದೇ. ಆದರೆ ಬಾಲಕ್ಕೆ ಇನ್ನೊಂದು ಗಂಟು ಹಾಕಲು ನನಗೆ ಮನಸ್ಸಿರಲಿಲ್ಲ. ಇದನ್ನೇ ಗೊಣಗುತ್ತಾ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಎದುರಿಗೆ ಸಾರ್ ತಮ್ಮ ಸ್ಟೀಲ್ ಕ್ಯಾರಿಯರ್ ಬಿಚ್ಚುತ್ತಿದ್ದರು. ಅದರ ಮೂರೂ ಡಬ್ಬಿಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಅವರ ತಾಯಿಯ ಹೆಸರು ಕೊರೆದಿತ್ತು.

"ಸಾರ್, ಮದ್ವೆ ಮನೇಲಿ ಹತ್ತು ಮನೆ ಪಾತ್ರೆ ಸೇರಿರುತ್ತಲ್ಲ, ಯಾರ ಪಾತ್ರೆ ಯಾವುದು ಅಂತ ಯಾರಾದ್ರೂ ಲಿಸ್ಟ್ ಇಟ್ಕೋತಾರಾ?" ಎಂದೆ.

"ಯಾಕಮ್ಮ? ಹೆಸರು ನೋಡಿ ಎತ್ಕೊಂಡು ಹೋಗ್ತಾರೆ."

"ನಮ್ ತುಣುಕುಗಳಿಗೂ ಹಂಗೇ ಹೆಸರು ಹಾಕ್ಸಿಬಿಡೋಣ."

ನಾವು ಬಳಸುತ್ತಿದ್ದ ಭಾಷೆಯಲ್ಲಿ ಅದಕ್ಕೊಂದು ಸೌಕರ್ಯವಿತ್ತು. ಪ್ರತಿ ತುಣುಕಿನ ತಲೆಯ ಮೇಲೆ ನಮ್ಮದೇ ಒಂದು ಹಣೆಪಟ್ಟಿ ಬರೆಯಬಹುದು. ಹೆಸರು ಇದು, ಕೆಲಸ ಇದು, ಸರದಿ ಇಷ್ಟನೆಯದು, ವಿವರಣೆ ಇದು. ಕಸ್ಟಮ್ ಆಟ್ರಿಬ್ಯೂಟ್ ಎನ್ನುತ್ತಾರೆ. ಹಣೆಪಟ್ಟಿ ತಾನಾಗಿ ಏನನ್ನೂ ಮಾಡುವುದಿಲ್ಲ, ಪಾತ್ರೆಯ ಮೇಲಿನ ಹೆಸರು ಅಡುಗೆ ಮಾಡುತ್ತದೆಯೇ? ಆದರೆ ಪ್ರೋಗ್ರಾಂ ಶುರುವಾಗುವಾಗ ತನ್ನನ್ನು ತಾನೇ ಕನ್ನಡಿಯಲ್ಲಿ ನೋಡಿಕೊಂಡಂತೆ ನೋಡಿಕೊಂಡು, ಹಣೆಪಟ್ಟಿ ಇರುವ ತುಣುಕುಗಳನ್ನೆಲ್ಲ ಹುಡುಕಿ, ಓದಿ, ಕರೆದುಕೊಳ್ಳಬಲ್ಲದು. ಅದಕ್ಕೆ ರಿಫ್ಲೆಕ್ಷನ್ ಎಂದು ಹೆಸರು. ಆಮೇಲೆ ಬಾಲವೇ ಬೇಡ. ಹೊಸ ತಕ್ಕಡಿ ಬಂದರೆ ಹೊಸ ತುಣುಕು ಬರೆದು, ಹೆಸರು ಹಾಕಿಸಿ, ಉಳಿದವುಗಳ ಜೊತೆ ಇಟ್ಟರೆ ಆಯಿತು.

ಸಾರ್ ತಿಳಿಸಾರಿಗೆ ಮುದ್ದೆ ಅದ್ದುತ್ತಾ ಕೇಳಿಸಿಕೊಂಡರು. "ಹೆಸರು ಹಾಕ್ಸದೇ ಇರೋ ಪಾತ್ರೆ ಏನಾಗುತ್ತೆ?" ಎಂದರು.

"ಅದು ಛತ್ರದೋರ ಪಾಲು" ಎಂದೆ. ಇಬ್ಬರೂ ನಕ್ಕೆವು.

ಕೆಲಸ ಹಂಚಿಕೊಂಡೆವು. ಹಣೆಪಟ್ಟಿಗಳನ್ನು ಓದುವ ಭಾಗ ನನ್ನದು. ಹಳೆಯ ತುಣುಕುಗಳೆಲ್ಲ ಸಾರ್ ಬರೆದವು, ಒಂದೊಂದರ ಒಳಗೂ ಏನಿದೆ ಎಂದು ಅವರಿಗೇ ಗೊತ್ತು, ಹಾಗಾಗಿ ಹಣೆಪಟ್ಟಿ ಬರೆಯುವುದು ಅವರ ಪಾಲಿಗೆ. ವಿವರಣೆಗಳನ್ನು ಅಚ್ಚ ಕನ್ನಡದಲ್ಲಿ ಬರೆಯುತ್ತೇನೆಂದು ಹಟ ಹಿಡಿದರು. "ತೂಕ: ಹಾಲಿನ ಭಾರವನ್ನು ಓದುತ್ತದೆ." "ಧ್ವನಿ: ಲೆಕ್ಕವನ್ನು ಕೂಗಿ ಹೇಳುತ್ತದೆ." ಒಂದು ಸಾಲು ಬರೆದು, ಮೆಟ್ಟಿಲಿಳಿದು ಹೋಗಿ, ಮತ್ತೆ ಬಂದು ತಿದ್ದುತ್ತಿದ್ದರು. ಬೆಳಿಗ್ಗೆ ಯಂತ್ರ ಚಾಲೂ ಆದಾಗ ಈ ಸಾಲುಗಳು ಒಂದರ ಕೆಳಗೊಂದು ಪರದೆ ಮೇಲೆ ಬರುವಂತೆ ನಾನು ಮಾಡಿದ್ದೆ. ತಪಾಸಣೆಗೆ ಬರುವ ಇನ್ಸ್‌ಪೆಕ್ಟರಿಗೆ ಡೈರಿಯಲ್ಲಿ ಯಾವ ಯಾವ ತುಣುಕು ಓಡುತ್ತಿದೆ ಎಂದು ಒಂದೇ ನೋಟಕ್ಕೆ ಕಾಣಲಿ ಎಂಬುದು ನನ್ನ ಆಸೆ. ಆ ಆಸೆಯೇ ನಮಗೆ ತಿರುಗುಬಾಣವಾಯಿತು.

ನಿಟ್ಟೂರಿನಲ್ಲಿ ಹಾಕಿದೆವು, ಸರಿಹೋಯಿತು. ಹೆಬ್ಬೂರಿನಲ್ಲಿ ಯಂತ್ರ ಮಾತಾಡಿದ್ದು ಕೇಳಿ ಒಬ್ಬ ಅಜ್ಜ "ಹೆಂಗಸಿನ ದನಿ ಹಾಕವ್ರೆ, ಮನೇಲೂ ಇದೇ, ಇಲ್ಲೂ ಇದೇ" ಎಂದರು. ಮೂರನೆಯದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಒಂದು ಮಹಿಳಾ ಡೈರಿ. ಅಲ್ಲಿಗೆ ಸಾರ್ ಹೋಗಿ ಹಾಕಿ ಬಂದರು. ಮಧ್ಯಾಹ್ನ ಹಾಕಿದ್ದರಿಂದ ಹಾಲು ಅಳೆಯುವುದನ್ನು ನೋಡಲು ನಿಲ್ಲಲಿಲ್ಲ.

ಎರಡು ದಿನ ಕಳೆದು ಅಲ್ಲಿನ ಸೆಕ್ರೆಟರಿ ಫೋನ್ ಮಾಡಿದರು. "ನೋಡವ್ವ, ನಿಮ್ ಮೆಷಿನ್ನು ನಮ್ ಮೂಲೆಮನೆ ಅಕ್ಕುನ್ನ ನೀರಿನೋಳು ಅಂತ ಊರ್ಗೆಲ್ಲ ಕೂಗಿ ಹೇಳ್ತಾ ಐತೆ. ನೆನ್ನೆ ಬೆಳಗ್ಗೆ ಒಂದ್ಸಲ, ಇವತ್ತೊಂದ್ಸಲ. ಇನ್ನೊಂದ್ ಸಲ ಆದ್ರೆ ಅವ್ಳ ಹಾಲು ತಗಳಂಗಿಲ್ಲ, ರೂಲ್ಸು. ನಾಳೀಕೆ ಇನ್ಸ್‌ಪೆಕ್ಟ್ರು ಬೇರೆ ಬತ್ತಾವ್ರೆ."

"ಅವರು ನಿಜವಾಗ್ಲೂ ನೀರು..." ಎಂದು ಕೇಳಲು ಹೊರಟೆ.

"ಅವ್ಳಾ? ಸಾಯೋಗಂಟ ಇಲ್ಲ" ಎಂದು ಫೋನಿಟ್ಟರು.

ಹಳ್ಳಿಯಲ್ಲಿ ಹಾಲಿಗೆ ನೀರು ಹಾಕಿದಳು ಎನ್ನಿಸಿಕೊಳ್ಳುವುದು ಎಂಥ ಮಾತು ಎಂದು ನನಗೆ ಗೊತ್ತು. ಕದ್ದಳು ಎಂದರೂ ಜನ ಮರೆತಾರು. ಮೊದಲಾದರೆ ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತಿದ್ದರು, ಅವರಿಗಷ್ಟೇ ಗೊತ್ತಾಗುತ್ತಿತ್ತು. ಈಗ ಸ್ಪೀಕರ್ ಇಟ್ಟು ಕೂಗಿಸಿದ್ದು ನಾವು. ಸಾರ್ ಆವತ್ತು ತಿಪಟೂರಿಗೆ ಹೋಗಿದ್ದರು. ನಾನು ಲ್ಯಾಪ್‌ಟಾಪ್ ಹಿಡಿದು ಕುಣಿಗಲ್ ಬಸ್ಸು ಹತ್ತಿದೆ, ಮನೆಗೆ ಫೋನ್ ಮಾಡಿ ರಾತ್ರಿ ಬರುವುದಿಲ್ಲ ಎಂದೆ.

ನಾನು ಹೋದಾಗ ಸಂಜೆಯ ಹಾಲಿಗೆ ಡೈರಿ ಆಗತಾನೆ ತೆರೆದಿತ್ತು. ಮೂಲೆಮನೆಯಾಕೆ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕೂತಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು, ಇರುವುದು ಒಂದೇ ಹಸು, ಮನೆ ಡೈರಿಗೆ ಅಂಟಿಕೊಂಡಂತೆ ಇರುವುದರಿಂದ ದಿನಾ ಬೆಳಿಗ್ಗೆ ಮೊದಲು ಬರುವುದೂ ಅವರೇ.

"ಹಾಲು ತಂದಿಲ್ವಾ ಅಕ್ಕ?"

"ಕರೀನೇ ಇಲ್ಲ. ಕರುಗೆ ಬುಟ್ಟೆ. ಅದಾದ್ರೂ ನೀರು ಅನ್ನಲ್ಲ." ನನ್ನ ಮುಖ ನೋಡದೆ ಅಂದರು.

ಒಳಗೆ ಸೆಕ್ರೆಟರಿ ಮೊದಲಿಗೆ ತಮ್ಮದೇ ಎಮ್ಮೆಯ ಹಾಲನ್ನು ಅಳೆದರು. ಪಾಸಾಯಿತು. ಆಮೇಲೆ ಸಾಲಿನವರದ್ದು, ಎಲ್ಲವೂ ಸರಿ. ತುಣುಕುಗಳನ್ನು ಒಂದೊಂದಾಗಿ ನೋಡಿದೆ. ತೂಕ ಸರಿ, ಪರೀಕ್ಷೆ ಸರಿ, ಧ್ವನಿ ಸರಿ, ಸರದಿಯೂ ಸರಿ. ದೋಷ ಎಲ್ಲೂ ಇಲ್ಲ. ದೋಷ ಇಲ್ಲದಿರುವಷ್ಟು ಹಿಂಸೆ ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ. ಕೊನೆಗೆ ಚೀಟಿಗಳನ್ನು ಮುಂದಿಟ್ಟುಕೊಂಡು ಕೂತಾಗ ಒಂದು ಕಂಡಿತು. ಸೆಕ್ರೆಟರಿಯ ಎಮ್ಮೆ ಹಾಲಿನ ಫ್ಯಾಟ್ ಹಿಂದಿನ ವಾರಕ್ಕಿಂತ ಸಾಕಷ್ಟು ಇಳಿದಿತ್ತು. ಎಮ್ಮೆ ಹಾಲು ಗಟ್ಟಿ, ಇಳಿದರೂ ಪಾಸಾಗಿತ್ತು, ಹಾಗಾಗಿ ಯಾರೂ ಗಮನಿಸಿರಲಿಲ್ಲ. ಅದೇ ಹಾಲನ್ನು ಎಲ್ಲರದ್ದೂ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದೆ. ಫ್ಯಾಟ್ ಏರಿ ಹಳೆಯ ಜಾಗಕ್ಕೆ ಬಂತು.

ತಕರಾರು ಮೂಲೆಮನೆಯಾಕೆಯದಲ್ಲ, ಮೊದಲು ಬಂದವರದ್ದು. ಹಾಲು ಮುಗಿದ ಮೇಲೆ ಯಂತ್ರದ ಪೈಪನ್ನು ನೀರಿನಿಂದ ತೊಳೆಯುತ್ತಾರೆ. ಒಳಗೆ ಒಂದಿಷ್ಟು ನೀರು ಉಳಿಯುತ್ತದೆ. ಮುಂದಿನ ಹೊತ್ತಿಗೆ ಮೊದಲು ಹೋಗುವ ಹಾಲು ಆ ನೀರಿನ ಜೊತೆ ಬೆರೆಯುತ್ತದೆ. ನಿಟ್ಟೂರು, ಹೆಬ್ಬೂರಿನ ಯಂತ್ರಗಳು ಬೇರೆ ಜಾತಿಯವು, ಅವು ನೀರನ್ನು ಪೂರ್ತಿ ಉಗುಳುತ್ತಿದ್ದವು. ಆದರೆ ಕೊತ್ತಗೆರೆಯ ಯಂತ್ರ ಹೊಸದಲ್ಲ. ಇಷ್ಟು ವರ್ಷ ಇಲ್ಲದ ತೊಂದರೆ ಈಗ ಹೇಗೆ ಬಂತು?

"ಮೊದಲು ಏನಾದ್ರೂ ಬೇರೆ ಥರ ಮಾಡ್ತಿದ್ರಾ ಅಕ್ಕ?" ಎಂದು ಸೆಕ್ರೆಟರಿಯನ್ನು ಕೇಳಿದೆ.

ಅವರು ಸೆರಗು ಸರಿಮಾಡಿಕೊಂಡರು. "ಮದ್ಲು ಬೋಣಿ ಕೇಳ್ತಿತ್ತು."

"ಯಾರು?"

"ಮೆಷಿನ್ನು."

ಆಮೇಲೆ ಹೇಳಿದರು. ಸಂಘ ಶುರುವಾದ ದಿನ ಮೊದಲು ಹಾಲು ಹಾಕಲು ಎಲ್ಲರಿಗೂ ಅನುಮಾನ, ಹೆಂಗಸರು ನಡೆಸುವ ಡೈರಿ ಎಷ್ಟು ದಿನ ಎಂದು. ಆಗ ಸೆಕ್ರೆಟರಿಯ ಅತ್ತೆ ಒಂದು ಚೊಂಬು ಹಾಲು ತಂದು ಬೋಣಿ ಮಾಡಿದರಂತೆ. ಅಂದಿನಿಂದ ಎರಡು ಹೊತ್ತೂ ಒಂದು ಚೊಂಬು ಬೋಣಿ ಹಾಲು ಮೊದಲು ಯಂತ್ರಕ್ಕೆ ತೋರಿಸಿ, ಅದರಲ್ಲಿ ಸಾಲಿನವರಿಗೆಲ್ಲ ಟೀ ಕಾಯಿಸುವುದು ಪದ್ಧತಿ. ಸಾಫ್ಟ್‌ವೇರ್ ಮೊದಲ ಸಲ ಹಾಕಲು ಬಂದ ಸಾರ್‌ಗೆ ಇದನ್ನು ಹೇಳಿದಾಗ ಅವರು ನಕ್ಕು, ಬೋಣಿ ಆಗುವವರೆಗೆ ಲೆಕ್ಕವೇ ತೆರೆಯದಂತೆ ಬರೆದು ಕೊಟ್ಟಿದ್ದರು.

"ಹೊಸದ್ರಲ್ಲಿ ಕೇಳದ್ ಬುಟ್ಟೈತೆ. ಇಂಥವೆಲ್ಲ ಬ್ಯಾಡ ಅಂದಿರ್ತಾರೆ ಮೇಲ್ನೋರು ಅಂದ್ಕಂಡೆ. ಕೇಳಿದ್ರೆ ನಗ್ತೀರ ಅಂತ ಸುಮ್ಕಾದೆ" ಎಂದರು.

ಅಂಥದ್ದೊಂದು ತುಣುಕು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸಾರ್‌ಗೆ ಫೋನ್ ಮಾಡಿದೆ. ನಡೆದದ್ದು, ಬೋಣಿಯ ವಿಷಯ, ಎಲ್ಲ ಹೇಳಿದೆ.

"ಅದಕ್ಕೆ ನಾನು ಪಟ್ಟಿ ಬರೀಲಿಲ್ಲ ಕಣಮ್ಮ" ಎಂದರು. "ಬೆಳಿಗ್ಗೆ ಪರದೆ ಮೇಲೆ ಬರುತ್ತಲ್ಲ, ಇನ್ಸ್‌ಪೆಕ್ಟ್ರು ನೋಡಿ ಏನ್ರೀ ಸಾಫ್ಟ್‌ವೇರಲ್ಲಿ ಬೋಣಿ ಗೀಣಿ ಅಂತ ನಗ್ತಾರೆ ಅಂತ ನಾಚಿಕೆ ಆಯ್ತು. ಪಟ್ಟಿ ಇಲ್ದಿದ್ರೂ ಓಡುತ್ತೆ ಅಂದ್ಕೊಂಡಿದ್ದೆ."

ಹಳೆಯ ಬಾಲ ಇದ್ದಿದ್ದರೆ ಓಡುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಹಣೆಪಟ್ಟಿ ಇಲ್ಲದ್ದು ಇಲ್ಲವೇ ಇಲ್ಲ. ದೋಷ ಎಂದೂ ಕೂಗುವುದಿಲ್ಲ, ಸುಮ್ಮನೆ ದಾಟಿ ಹೋಗುತ್ತದೆ. ಹೆಸರು ಹಾಕಿಸದ ಪಾತ್ರೆ. ಇಲ್ಲಿ ನಾವು ನಗುತ್ತೇವೆಂದು ಸೆಕ್ರೆಟರಿ ಸುಮ್ಮನಾದರು, ಅಲ್ಲಿ ಇನ್ಸ್‌ಪೆಕ್ಟರ್ ನಗುತ್ತಾರೆಂದು ಸಾರ್ ಸುಮ್ಮನಾದರು. ಇಬ್ಬರ ನಾಚಿಕೆಯ ನಡುವೆ ಸಿಕ್ಕಿಕೊಂಡು ಬಿದ್ದದ್ದು ಮಾತ್ರ ಮೂಲೆಮನೆಯಾಕೆ. ಇಷ್ಟು ವರ್ಷ ಪೈಪಿನ ನೀರನ್ನು ಆ ಬೋಣಿ ಹಾಲೇ ತೆಗೆದುಕೊಂಡು ಹೋಗುತ್ತಿತ್ತು ಎಂಬುದು ಅದನ್ನು ಶುರುಮಾಡಿದವರಿಗೂ ಗೊತ್ತಿರಲಿಲ್ಲ, ಸಾಫ್ಟ್‌ವೇರಿಗೆ ಸೇರಿಸಿದವರಿಗೂ ಗೊತ್ತಿರಲಿಲ್ಲ.

ಸಾರ್ ಚೇತರಿಸಿಕೊಂಡರು. "ಸರಿ, ಪಟ್ಟಿ ಬರಿ. 'ನಾಳ ಶುದ್ಧಿ ಮಾದರಿ' ಅಂತ ಹಾಕು. ಮರ್ಯಾದಸ್ಥ ಹೆಸರು. ಯಾರೂ ಕೇಳಲ್ಲ."

ಫೋನಿನ ಸ್ಪೀಕರ್ ಹಾಕಿತ್ತು. ಮೂಲೆಮನೆಯಾಕೆ ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದರು. "ಹಂಗಂದ್ರೇನು?" ಎಂದು ಕೇಳಿದರು.

"ಪೈಪು ತೊಳೆಯೋ ಹಾಲು ಅಂತ."

"ಪೈಪ್ ತೊಳೆಯಾಕೆ ಹಾಲಾ? ಯಾವ್ಳು ಕೊಟ್ಟಾಳು? ನಾನಂತೂ ಕೊಡಲ್ಲ. ಬೋಣಿ ಅನ್ನಿ, ನಾ ಮುಂದು ತಾ ಮುಂದು ಅಂತ ಬತ್ತಾರೆ."

ಆಕೆ ಹೇಳಿದ್ದು ನಿಜ. ಹೆಸರು ಬದಲಾದರೆ ತುಣುಕು ಓಡೀತು, ಪದ್ಧತಿ ನಿಂತು ಹೋಗುತ್ತದೆ. ಪದ್ಧತಿ ನಿಂತರೆ ತುಣುಕು ಇದ್ದೂ ಉಪಯೋಗವಿಲ್ಲ. "ಸಾರ್, ನಾನು ಬೋಣಿ ಅಂತಲೇ ಬರೀತೀನಿ" ಎಂದೆ. "ನಗೋರು ನಗ್ಲಿ. ವಿವರಣೆ ಮಾತ್ರ ನೀವೇ ಹೇಳಿ, ಎಲ್ಲದಕ್ಕೂ ನೀವೇ ಬರೆದಿದ್ದೀರ."

ಅವರು ಯೋಚಿಸಿ ಎರಡು ವಾಕ್ಯ ಹೇಳಿದರು. ಬರೆದುಕೊಂಡೆ. ಸರದಿ ಎಂಬಲ್ಲಿ ಒಂದು ಎಂದು ಹಾಕಿದೆ.

ಬೆಳಿಗ್ಗೆ ಸಾಲು ಎಂದಿಗಿಂತ ಉದ್ದವಿತ್ತು, ಇನ್ಸ್‌ಪೆಕ್ಟರನ್ನು ನೋಡಲು ಎಷ್ಟು ಜನವೋ, ಮೂಲೆಮನೆಯಾಕೆಯನ್ನು ನೋಡಲು ಎಷ್ಟು ಜನವೋ. ಯಂತ್ರ ಚಾಲೂ ಆಯಿತು. ಇನ್ಸ್‌ಪೆಕ್ಟರ್ ಕನ್ನಡಕ ಹಾಕಿಕೊಂಡು ಪರದೆಯ ಮೊದಲ ಸಾಲನ್ನು ಜೋರಾಗಿ ಓದಿದರು.

"ಬೋಣಿ: ದಿನದ ಮೊದಲ ಹಾಲು. ಇದನ್ನು ನೋಡಿ ಯಾರನ್ನೂ ಅಳೆಯಬಾರದು."

ನನ್ನ ಕಡೆ ತಿರುಗಿದರು. "ಏನಮ್ಮ ಇದು?"

ಬಾಯಲ್ಲಿ ಹೇಳದೆ ಮಾಡಿಯೇ ತೋರಿಸಿದೆ. ಸೆಕ್ರೆಟರಿ ತಮ್ಮ ಚೊಂಬನ್ನು ಬದಿಗಿಟ್ಟು, "ಇವತ್ತು ನೀನೇ ಬೋಣಿ ಮಾಡಕ್ಕ" ಎಂದು ಮೂಲೆಮನೆಯಾಕೆಯನ್ನು ಕರೆದರು. ಆಕೆ ತಮ್ಮ ಕ್ಯಾನಿನಿಂದ ಒಂದು ಚೊಂಬು ಬಗ್ಗಿಸಿ ಕೊಟ್ಟರು. ಯಂತ್ರ ಎಳೆದುಕೊಂಡಿತು, ಅಂಕೆ ತಳ ಮುಟ್ಟಿತು, ಆದರೆ ಧ್ವನಿ ಏನೂ ಹೇಳಲಿಲ್ಲ. ಮತ್ತೆ ಅದೇ ಕ್ಯಾನಿನ ಹಾಲು, ಈ ಸಲ ಲೆಕ್ಕಕ್ಕೆ. ಅಂಕೆ ಏರಿತು. ಇನ್ಸ್‌ಪೆಕ್ಟರ್ ಎರಡೂ ಅಂಕೆಗಳನ್ನು ಬಗ್ಗಿ ನೋಡಿದರು, ಪೈಪನ್ನು ನೋಡಿದರು, ಅರ್ಥವಾಯಿತು. ಆ ಎರಡು ಬೆಳಗಿನ ನೀರಿನ ದಾಖಲೆಯನ್ನು ಹೊಡೆದು ಹಾಕಿ ಸಹಿ ಮಾಡಿದರು. "ರಿಪೋರ್ಟಲ್ಲಿ ಇದಕ್ಕೆ ಇಂಗ್ಲಿಷಲ್ಲಿ ಏನಂತ ಬರೀಲಿ?" ಎಂದು ಕೇಳಿದರು.

"ಬೋಣಿ ಅಂತ್ಲೇ ಬರ್ಕಳಿ ಸಾ, ನಿಮ್ಗೂ ಒಳ್ಳೇದಾಯ್ತದೆ" ಎಂದರು ಸೆಕ್ರೆಟರಿ.

ಅಷ್ಟರಲ್ಲಿ ಧ್ವನಿ ಮೂಲೆಮನೆಯಾಕೆಯ ಹೆಸರು ಹೇಳಿ, ತೂಕ ಹೇಳಿ, ಫ್ಯಾಟ್ ಹೇಳಿ, "ಉತ್ತಮ ಹಾಲು" ಎಂದು ಕೂಗಿತು. ಸಾಲಿನಲ್ಲಿ ಯಾರೋ "ಸದ್ಯ" ಎಂದರು. ಆಕೆ ಕ್ಯಾನು ಎತ್ತಿಕೊಳ್ಳಲಿಲ್ಲ, ನನ್ನನ್ನೇ ನೋಡುತ್ತಾ ನಿಂತರು.

"ಇನ್ನೊಂದ್ಸಲ ಕೂಗ್ಸು."

"ಯಾಕಕ್ಕ, ಕೇಳಿಸ್ಲಿಲ್ವಾ?"

"ನೀರು ಅಂತ ಎಲ್ಡು ಸಲ ಕೂಗೈತೆ. ಇದ್ನೂ ಎಲ್ಡು ಸಲ ಕೂಗ್ಲಿ."

ನಾನು ಗುಂಡಿ ಒತ್ತುವ ಮೊದಲೇ ಇನ್ಸ್‌ಪೆಕ್ಟರ್ ಸ್ಪೀಕರಿನ ಸದ್ದು ಪೂರ್ತಿ ಏರಿಸಿದ್ದರು. ಎರಡನೆಯ ಸಲ ಕೂಗಿದ್ದು ಹಿಂದಿನ ಬೀದಿಗೂ ಕೇಳಿಸಿತಂತೆ. ಆಕೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಟೀ ಕುಡಿಯದೆ ಹೋಗಬೇಡ ಎಂದು ನನಗೆ ಅಪ್ಪಣೆ ಮಾಡಿ ಹೋದರು. ನನಗೂ ಕಣ್ಣು ತುಂಬಿತ್ತು, ಸುಳ್ಳೇಕೆ ಹೇಳಲಿ. ಆ ಟೀ ಅವರ ಬೋಣಿ ಹಾಲಿನದೇ.

ಈಗ ಆ ಎರಡು ಕೋಣೆಯಲ್ಲಿ ಮೊಬೈಲ್ ಅಂಗಡಿಯವರ ಗೋದಾಮು ಇದೆ. ಕೆಳಗಿನ ಸ್ಟವ್ ರಿಪೇರಿಯೂ ಇಲ್ಲ, ಸೀಮೆಎಣ್ಣೆ ಸ್ಟವ್‌ಗಳೇ ಇಲ್ಲವಲ್ಲ. ಸಾರ್‌ಗೆ ಮೆಟ್ಟಿಲು ಹತ್ತಲು ಆಗದಾದಾಗ ಆಫೀಸು ಮುಚ್ಚಿದರು. ಡೈರಿಗಳನ್ನು ನಾನೇ ಗುಬ್ಬಿಯ ಮನೆಯಿಂದ ನೋಡಿಕೊಳ್ಳುತ್ತೇನೆ. ತುಣುಕುಗಳು ಎಷ್ಟೋ ಬಂದವು, ಹೋದವು. ಬೇರೆ ಡೈರಿಗಳವರೂ ಕೇಳಿ ಕೇಳಿ ಬೋಣಿ ಹಾಕಿಸಿಕೊಂಡರು. ಸಾರ್ ಹೇಳಿದ ಆ ಎರಡು ವಾಕ್ಯಗಳಲ್ಲಿ ನಾನು ಒಂದಕ್ಷರ ಮುಟ್ಟಿಲ್ಲ.

ಆಫೀಸು ಖಾಲಿ ಮಾಡಿದ ದಿನ ನಾವಿಬ್ಬರೇ ಸಾಮಾನು ಕಟ್ಟಿದೆವು. ವೈರು ಸುತ್ತಿದೆವು, ಕಸ ಗುಡಿಸಿದೆವು. ಹೊರಡುವಾಗ ಸಾರ್ ತಮ್ಮ ಕ್ಯಾರಿಯರನ್ನು ನನ್ನ ಕೈಗಿಟ್ಟರು. ಇನ್ನು ಮನೆಯಲ್ಲೇ ಊಟ, ನನಗೆ ಯಾಕೆ ಇದು ಎಂದರು. ಬೇಡ ಸಾರ್, ಅಮ್ಮನದು ಎಂದೆ. ಅವರು ಡಬ್ಬಿಯನ್ನು ತಿರುಗಿಸಿ ತೋರಿಸಿದರು. ತಾಯಿಯ ಹೆಸರಿನ ಕೆಳಗೆ, ಆಗಷ್ಟೇ ಕೊರೆಸಿದ ಹೊಳೆಯುವ ಚುಕ್ಕೆಗಳಲ್ಲಿ, ನನ್ನ ಹೆಸರಿತ್ತು.

"ಸುಮ್ನೆ ಕೊಟ್ರೆ ಛತ್ರದೋರ ಪಾಲಾಗುತ್ತಮ್ಮ" ಎಂದರು.